ಕನ್ನಡದ ಕಿವಿಯಿಂದಲೇ ಕಲಿಯಿರಿ ಸ್ಪ್ಯಾನಿಷ್ ಕುಶಲೋಪರಿ

ಸ್ಪ್ಯಾನಿಷ್‌ನಲ್ಲಿ ನಾಲ್ಕು ಮಾತು ಆಡಲು ಬಯಸುವ ಬೆಂಗಳೂರಿನ ಕನ್ನಡಿಗರಿಗೆ ನನ್ನ ಮೊದಲ ಸಲಹೆಯೆಂದರೆ, ಉಚ್ಚಾರಣೆಯನ್ನು ಇಂಗ್ಲಿಷ್ ಕಾಗುಣಿತದಿಂದ ಊಹಿಸದೆ, ಕೇಳಿಸಿದ್ದನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಬೇಕು. ಆ ಭಾಷೆಯ ಐದು ಸ್ವರಗಳೂ, ನಾಲಿಗೆಯನ್ನು ಹಲ್ಲಿಗೆ ತಾಗಿಸಿ ನುಡಿಯುವ ತಕಾರವೂ, ಮಹಾಪ್ರಾಣವಿಲ್ಲದ ಕಕಾರ ಪಕಾರಗಳೂ ನಮ್ಮ ಬಾಯಿಗೆ ಮೊದಲೇ ಪಳಗಿವೆ. ಎಲ್ಲರಿಗೂ ಯಾವ ಹೊತ್ತಿನಲ್ಲೂ ಹೇಳಬಹುದಾದ ವಂದನೆ ‘ಓಲಾ’. ಬರವಣಿಗೆಯಲ್ಲಿ ಅದರ ಮೊದಲಿಗೆ ಬರುವ ಅಕ್ಷರವನ್ನು ಉಚ್ಚರಿಸುವುದಿಲ್ಲವಾದ್ದರಿಂದ ‘ಹೋಲಾ’ ಎನ್ನಬಾರದು.

ಹೊತ್ತಿಗೆ ತಕ್ಕ ವಂದನೆಗಳು ಮೂರು: ಬೆಳಿಗ್ಗೆ ‘ಬ್ವೇನೊಸ್ ದೀಯಾಸ್’, ಮಧ್ಯಾಹ್ನದಿಂದ ಸಂಜೆಯವರೆಗೆ ‘ಬ್ವೇನಾಸ್ ತಾರ್ದೆಸ್’, ಕತ್ತಲಾದ ಮೇಲೆ ‘ಬ್ವೇನಾಸ್ ನೋಚೆಸ್’. ಕೊನೆಯದನ್ನು ಮಲಗಲು ಹೊರಟಾಗ ಮಾತ್ರವಲ್ಲ, ರಾತ್ರಿ ಯಾರನ್ನಾದರೂ ಭೇಟಿಯಾದಾಗಲೂ ಹೇಳುತ್ತಾರೆ. ಸ್ಪೇನ್‌ನಲ್ಲಿ ಮಧ್ಯಾಹ್ನದ ಊಟ ತಡವಾಗಿ, ಸುಮಾರು 2 ಗಂಟೆಯ ಮೇಲೆ ನಡೆಯುವುದರಿಂದ, ಊಟವಾಗುವ ತನಕ ‘ಬ್ವೇನೊಸ್ ದೀಯಾಸ್’ ಎನ್ನುವವರು ಅನೇಕರಿದ್ದಾರೆ. ಕಚೇರಿಯ ಕರೆಗಳಲ್ಲಿ ಮಾತಾಡುವವರು ಎದುರಿನವರ ಗಡಿಯಾರಕ್ಕೆ ಹೊಂದಿಕೊಂಡರೆ ಅದು ಸೌಜನ್ಯವೆನಿಸುತ್ತದೆ: ಬೆಂಗಳೂರಿನಲ್ಲಿ ಸಂಜೆ 7 ಗಂಟೆಯಾದಾಗ ಮೆಕ್ಸಿಕೊ ನಗರದಲ್ಲಿ ಬೆಳಿಗ್ಗೆ 7.30 ಆಗಿರುತ್ತದೆ.

ಹೆಚ್ಚು ಗಮನ ಕೊಡಬೇಕಾದದ್ದು ‘ಹೇಗಿದ್ದೀರಿ’ ಎಂದು ಕೇಳುವ ಬಗೆಗೆ. ನಮ್ಮ ‘ನೀನು’, ‘ನೀವು’ಗಳಂತೆಯೇ ಅಲ್ಲಿ ‘ತು’ ಮತ್ತು ‘ಉಸ್ತೆದ್’ ಇವೆ. ಇಂಗ್ಲಿಷ್ ಮೂಲಕ ಕಲಿಯುವವರು ಹೊಸದಾಗಿ ರೂಢಿಸಿಕೊಳ್ಳಬೇಕಾದ ಈ ವಿವೇಕ ನಮಗೆ ಮನೆಯಲ್ಲೇ ಬಂದಿರುತ್ತದೆ. ಗೆಳೆಯರನ್ನು ‘ಕೋಮೊ ಎಸ್ತಾಸ್’ ಎಂದೂ, ಹಿರಿಯರನ್ನು, ಅಪರಿಚಿತರನ್ನು ‘ಕೋಮೊ ಎಸ್ತಾ ಉಸ್ತೆದ್’ ಎಂದೂ ಕೇಳಬೇಕು. ಆದರೆ ಎಲ್ಲೆಡೆಯೂ ಒಂದೇ ಗೆರೆಯಿಲ್ಲ. ಸ್ಪೇನ್‌ನಲ್ಲಿ ಸಹೋದ್ಯೋಗಿಗಳು ಬೇಗನೆ ‘ತು’ಗೆ ಇಳಿಯುತ್ತಾರೆ, ಕೊಲಂಬಿಯಾದ ಬೊಗೊಟಾದಲ್ಲಿ ಮನೆಯವರೊಳಗೂ ‘ಉಸ್ತೆದ್’ ಬಳಸುವುದುಂಟು, ಅರ್ಜೆಂಟೀನಾದಲ್ಲಿ ‘ತು’ವಿನ ಬದಲು ‘ವೋಸ್’ ಎನ್ನುತ್ತಾರೆ. ಸಂದೇಹವಿದ್ದಲ್ಲಿ ‘ಉಸ್ತೆದ್’ನಿಂದ ಆರಂಭಿಸಿ, ಎದುರಿನವರು ‘ತು’ ಎಂದ ಮೇಲೆ ನೀವೂ ಹಾಗೆಯೇ ಮಾತಾಡಿ.

ಉತ್ತರವಾಗಿ ‘ಬ್ಯೆನ್, ಗ್ರಾಸ್ಯಾಸ್’ (ಚೆನ್ನಾಗಿದ್ದೇನೆ, ಧನ್ಯವಾದ) ಎಂದು ಹೇಳಿ, ‘ಇ ಉಸ್ತೆದ್’ ಎಂದು ಮರಳಿ ವಿಚಾರಿಸಬೇಕು. ಸ್ಪೇನ್‌ನ ಬಹುಭಾಗದಲ್ಲಿ ‘ಗ್ರಾಸ್ಯಾಸ್’ನ ಮೊದಲ ಸಕಾರವನ್ನು ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ನುಡಿಯುತ್ತಾರೆ, ಲ್ಯಾಟಿನ್ ಅಮೆರಿಕದಲ್ಲಿ ಸರಳ ಸಕಾರವೇ ಸಾಕು. ಹೊಸಬರ ಪರಿಚಯವಾದಾಗ ‘ಮೂಚೊ ಗೂಸ್ತೊ’ ಎನ್ನಿ. ಅದರ ಬದಲು ‘ಎಂಕಾಂತಾದೊ’ ಎನ್ನುವುದಾದರೆ, ಹೇಳುವವರು ಹೆಣ್ಣಾದಲ್ಲಿ ಅದು ‘ಎಂಕಾಂತಾದಾ’ ಆಗುತ್ತದೆಂಬುದನ್ನು ಮರೆಯಬಾರದು.

ಬೀಳ್ಕೊಡುವಾಗ ‘ಆಸ್ತಾ ಲ್ವೇಗೊ’ ಎಲ್ಲ ಸಂದರ್ಭಕ್ಕೂ ಒಗ್ಗುತ್ತದೆ. ನಾಳೆ ಮತ್ತೆ ಸಿಗುವವರಿಗೆ ‘ಆಸ್ತಾ ಮಾನ್ಯಾನಾ’ ಎನ್ನಿ. ‘ಆದ್ಯೋಸ್’ ಕೂಡ ವಿದಾಯದ ಮಾತೇ ಆದರೂ, ಸ್ಪೇನ್‌ನಲ್ಲಿ ದಾರಿಯಲ್ಲಿ ಎದುರಾದ ಪರಿಚಿತರಿಗೆ ನಿಲ್ಲದೆ ಮುಂದೆ ಸಾಗುವಾಗಲೂ ಅದನ್ನೇ ಹೇಳುತ್ತಾರೆ.