ನಿಮ್ಮ ಮೊಹಲ್ಲಾದ ಆರೋಗ್ಯ ಚರಿತ್ರೆಯನ್ನು ಬರೆಯುವ ಬಗೆ: ಕಲಬುರಗಿ, 1896ರಿಂದ 1948ರವರೆಗೆ

ಕಲಬುರಗಿಯ ಹಳೆಯ ಊರಿನಲ್ಲಿ ನೂರು ವರ್ಷಗಳ ಹಿಂದೆ ಜನ ಯಾವ ನೀರು ಕುಡಿಯುತ್ತಿದ್ದರು, ಯಾವ ಬೇನೆಯಿಂದ ಸಾಯುತ್ತಿದ್ದರು, ಆ ಸಾವನ್ನು ತಡೆಯಲು ಯಾರು ಏನು ಮಾಡಿದರು ಎಂಬುದನ್ನು ಬರೆದಿಡಬೇಕೆಂಬ ಆಸೆಯಿರುವ ವಿದ್ಯಾರ್ಥಿಗಳಿಗೂ ನಿವೃತ್ತ ಮಾಸ್ತರರಿಗೂ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಇಡೀ ನಗರವನ್ನು ಒಮ್ಮೆಲೇ ಕೈಗೆತ್ತಿಕೊಳ್ಳಬೇಡಿ. ಶಹಾಬಜಾರ, ಬ್ರಹ್ಮಪುರ, ಮೋಮಿನಪುರ, ರೋಜಾ, ಸ್ಟೇಷನ್ ಬಜಾರ ಇಂಥವುಗಳಲ್ಲಿ ನಿಮಗೆ ಬಳಕೆಯಿರುವ ಒಂದು ಮೊಹಲ್ಲಾ ಸಾಕು. ಅದರಲ್ಲಿಯೂ ನಾಲ್ಕಾರು ಗಲ್ಲಿಗಳಷ್ಟೇ ಇದ್ದರೆ ಇನ್ನೂ ಒಳ್ಳೆಯದು. 1901ರ ಜನಗಣತಿಯಲ್ಲಿ ಗುಲಬರ್ಗಾ ಪಟ್ಟಣದ ಜನಸಂಖ್ಯೆ 29,228 ಇದ್ದಿತು. ಅಷ್ಟು ಚಿಕ್ಕ ಊರಿನಲ್ಲಿ ಒಂದು ಓಣಿಯ ಬಾವಿ ಕೆಟ್ಟರೆ ಅದರ ಪರಿಣಾಮ ಆ ಓಣಿಯ ಮನೆಗಳ ಮೇಲೆಯೇ ಕಾಣಿಸುತ್ತಿತ್ತು. ಆದ್ದರಿಂದ ಓಣಿಯ ಅಳತೆಯಲ್ಲಿ ಬರೆದದ್ದು ಮಾತ್ರ ಬೇನೆಯ ನಿಜವಾದ ದಾರಿಯನ್ನು ತೋರಿಸುತ್ತದೆ. ಕಾಲಾವಧಿಯನ್ನು 1896ರಿಂದ, ಅಂದರೆ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡ ವರ್ಷದಿಂದ ಆರಂಭಿಸಿ, ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿದ 1948ಕ್ಕೆ ನಿಲ್ಲಿಸುವುದು ಅನುಕೂಲ.

ಕೆಲಸವನ್ನು ಬಾವಿಯಿಂದ ಆರಂಭಿಸಿ. ನಳದ ನೀರು ಬರುವ ಮುಂಚೆ ಪ್ರತಿ ಓಣಿಯ ಆರೋಗ್ಯವೂ ಅದರ ಬಾವಿಯನ್ನೇ ನಂಬಿಕೊಂಡಿತ್ತು. ಮುಚ್ಚಿದ್ದಿರಲಿ, ಕಸ ತುಂಬಿದ್ದಿರಲಿ, ಮೇಲೆ ಮನೆ ಕಟ್ಟಿದ್ದಿರಲಿ, ಎಲ್ಲ ಬಾವಿಗಳನ್ನೂ ಒಂದು ಕೈನಕ್ಷೆಯಲ್ಲಿ ಗುರುತಿಸಿ. ಉಳಿದಿರುವ ಬಾವಿಯ ಬಾಯಿಕಟ್ಟೆಯ ಕಲ್ಲನ್ನು ತಡವಿ ನೋಡಿರಿ. ಹಗ್ಗ ಎಳೆದೆಳೆದು ಬೆರಳು ಹಿಡಿಸುವಷ್ಟು ಆಳದ ಗೆರೆಗಳು ಬಿದ್ದಿದ್ದರೆ ಅದು ಸೇದುವ ಬಾವಿ. ಅಂಥ ಗೆರೆಗಳಿಲ್ಲದೆ ನೀರಿನವರೆಗೂ ಮೆಟ್ಟಿಲುಗಳಿದ್ದರೆ ಅದು ಇಳಿದು ತುಂಬಿಕೊಳ್ಳುವ ಬಾವಡಿ. ಈ ಭೇದ ಚಿಕ್ಕದಲ್ಲ. ನಮ್ಮ ಭಾಗವನ್ನು ಬಹುಕಾಲ ಕಾಡಿದ ನಾರುಹುಣ್ಣು ಮೆಟ್ಟಿಲು ಬಾವಿಗಳಿಂದಲೇ ಬದುಕಿತ್ತು. ಹುಣ್ಣಿನ ಕಾಲನ್ನು ನೀರಿನಲ್ಲಿ ಅದ್ದಿದವನ ಮೈಯಿಂದ ಹುಳುವಿನ ಮರಿಗಳು ನೀರಿಗೆ ಬೀಳುತ್ತಿದ್ದವು, ಕಣ್ಣಿಗೆ ಕಾಣದಷ್ಟು ಸಣ್ಣ ನೀರುಚಿಗಟೆಗಳು ಅವನ್ನು ತಿನ್ನುತ್ತಿದ್ದವು, ಆ ನೀರನ್ನು ಸೋಸದೆ ಕುಡಿದವರ ಕಾಲಿನಿಂದ ಸುಮಾರು ಒಂದು ವರ್ಷದ ಬಳಿಕ ಮೊಳಕ್ಕಿಂತ ಉದ್ದದ ದಾರದಂಥ ಹುಳು ಹೊರಬರುತ್ತಿತ್ತು. ಬಟ್ಟೆಯಲ್ಲಿ ನೀರು ಸೋಸುವುದು, ಮೆಟ್ಟಿಲುಗಳನ್ನು ಮುಚ್ಚಿ ಸೇದುವ ಬಾವಿಯನ್ನಾಗಿ ಮಾಡುವುದು, ಇವೇ ಅದಕ್ಕೆ ಮದ್ದಾದವು. ಭಾರತದ ಕೊನೆಯ ನಾರುಹುಣ್ಣಿನ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ದೇಶವು ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಆದುದರಿಂದ ನಿಮ್ಮ ಬಾವಡಿಯ ಮೆಟ್ಟಿಲುಗಳನ್ನು ಯಾವಾಗಲಾದರೂ ಗೋಡೆ ಕಟ್ಟಿ ಮುಚ್ಚಿದ ಗುರುತು ಇದೆಯೇ ಎಂಬುದನ್ನು ತಪ್ಪದೆ ನೋಡಿ. ಅಂಥ ಗೋಡೆಯೇ ಒಂದು ದಾಖಲೆ. ಹಳೆಯ ಬಾವಿಯೊಳಗೆ ಮಾತ್ರ ಯಾವ ಕಾರಣಕ್ಕೂ ಇಳಿಯಬೇಡಿ, ತಳದಲ್ಲಿ ಉಸಿರುಗಟ್ಟಿಸುವ ಗಾಳಿ ನಿಂತಿರುತ್ತದೆ.

ಬಾವಿಯ ಬಳಿಕ ಮೋರಿ. ಮಳೆ ಬಂದ ದಿನ ಗಲ್ಲಿಯಲ್ಲಿ ನಿಂತು ನೀರು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ಬಾಣದ ಗುರುತಿನಿಂದ ನಕ್ಷೆಯಲ್ಲಿ ಬರೆದುಕೊಳ್ಳಿ. ಮೋರಿಯಿಂದ ಬಾವಿಗೆ ಎಷ್ಟು ಹೆಜ್ಜೆಯೆಂಬುದನ್ನೂ ಬರೆಯಿರಿ. ಹಳೆಯ ಮನೆಗಳ ಹಿಂಬದಿಯ ಸಂದಿಗಳಲ್ಲಿ ಗೋಡೆಯ ಬುಡಕ್ಕೆ ಒಂದು ಮೊಳ ಅಗಲದ ಕಿಂಡಿ ಇದ್ದು ಈಗ ಅದನ್ನು ಇಟ್ಟಿಗೆಯಿಂದಲೋ ಶಹಾಬಾದ್ ಫರಸಿಯಿಂದಲೋ ಮುಚ್ಚಿರುವುದು ಕಂಡರೆ, ಅದು ಹಳೆಯ ಪಾಯಖಾನೆಯ ಮಲವನ್ನು ಹೊರಗಿನಿಂದ ತೆಗೆಯಲು ಬಿಟ್ಟ ಬಾಯಿ ಇದ್ದಿರಬಹುದು. ಮನೆಯ ಹಿರಿಯರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಆ ಸಂದಿಯಲ್ಲಿ ಬೆಳಗಿನ ಜಾವ ನಡೆದಾಡಿದ ಜನರನ್ನು ಬಿಟ್ಟು ಬರೆದ ಆರೋಗ್ಯ ಚರಿತ್ರೆ ಸುಳ್ಳಾಗುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ. ಊರನ್ನು ಕಾಲರಾದಿಂದ ಕಾಪಾಡಿದವರಲ್ಲಿ ಮೊದಲಿಗರು ಅವರು, ಆ ಬೇನೆಗೆ ಎಲ್ಲರಿಗಿಂತ ಹತ್ತಿರ ಇದ್ದವರೂ ಅವರೇ. ಅವರ ವಸತಿ ಎಲ್ಲಿತ್ತು, ಅವರಿಗೆ ಯಾವ ಬಾವಿಯಿಂದ ನೀರು ಸೇದಲು ಬಿಡುತ್ತಿದ್ದರು, ಯಾವುದರಿಂದ ಬಿಡುತ್ತಿರಲಿಲ್ಲ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಿ ಅದೇ ನಕ್ಷೆಯಲ್ಲಿ ಸೇರಿಸಬೇಕು.

ಇಷ್ಟಾದ ಮೇಲೆ ಕಾಗದದ ಕೆಲಸ. ಅದಕ್ಕೆ ಮುನ್ನ ಕಾಲಗಣನೆಯನ್ನು ಸರಿಪಡಿಸಿಕೊಳ್ಳದಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥವಾಗುತ್ತದೆ. ನಿಜಾಮ ಸರ್ಕಾರದ ಕಡತಗಳು ಫಸಲಿ ವರ್ಷವನ್ನು ಬಳಸುತ್ತವೆ. ಆ ಕಾಲದ ಹೈದರಾಬಾದ್ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜೂರ್ ತಿಂಗಳಿನಿಂದ ಆರಂಭವಾಗುತ್ತಿತ್ತು. ಫಸಲಿಗೆ 590 ಕೂಡಿಸಿದರೆ ಅದು ಆರಂಭವಾದ ಇಸವಿ ಸಿಗುತ್ತದೆ, ಅಂದರೆ ಫಸಲಿ 1328 ಎಂದರೆ 1918ರ ಅಕ್ಟೋಬರಿನಿಂದ 1919ರ ಅಕ್ಟೋಬರಿನವರೆಗೆ. ಗೋರಿಗಳ ಮೇಲೆ ಹಿಜರಿ ಇರುತ್ತದೆ. ಹಿಜರಿ 1337ರ ಮೊಹರಮ್ ಕೂಡ 1918ರ ಅಕ್ಟೋಬರ್ ಮೊದಲ ವಾರದಲ್ಲಿಯೇ ಬಂದಿತು. ಗುಡಿಯ ಕಲ್ಲಿನಲ್ಲೋ ಮನೆಯ ಹಳೆಯ ಲೆಕ್ಕದ ವಹಿಯಲ್ಲೋ ಶಾಲಿವಾಹನ ಶಕೆ 1840, ಕಾಳಯುಕ್ತಿ ಸಂವತ್ಸರ ಎಂದಿದ್ದರೆ ಅದೂ 1918-19ರ ವರ್ಷವೇ. ಮೂರೂ ಲೆಕ್ಕಗಳನ್ನು ಒಂದೇ ಹಾಳೆಯಲ್ಲಿ ಪಕ್ಕಪಕ್ಕದಲ್ಲಿ ಬರೆದು ಸದಾ ಜೊತೆಗಿಟ್ಟುಕೊಳ್ಳಿ.

ಇದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ 1918ರ ಇನ್‌ಫ್ಲುಯೆಂಜಾವನ್ನೇ ನೋಡಿ. ಆ ಜ್ವರದ ಎರಡನೆಯ, ಘೋರವಾದ ಅಲೆ ಸೆಪ್ಟೆಂಬರಿನಲ್ಲಿ ಏರತೊಡಗಿ ಅಕ್ಟೋಬರಿನಲ್ಲಿ ದಖನ್ ಭಾಗವನ್ನು ಹಾಸಿಹೊಡೆಯಿತು. ಅದರ ಸಾವುಗಳು ಫಸಲಿ 1327 ಮತ್ತು 1328 ಎಂಬ ಎರಡು ವರ್ಷಗಳ ಲೆಕ್ಕದಲ್ಲಿ ಹರಿದು ಹಂಚಿಹೋಗುತ್ತವೆ. ಒಂದು ವರ್ಷದ ವರದಿಯನ್ನಷ್ಟೇ ನೋಡಿದವರಿಗೆ ಅನಾಹುತ ಅರ್ಧವಾಗಿ ಕಾಣುತ್ತದೆ. ಹೈದರಾಬಾದ್ ಸಂಸ್ಥಾನದ ಜನಸಂಖ್ಯೆ 1911ರಲ್ಲಿ 1,33,74,676 ಇದ್ದದ್ದು 1921ರಲ್ಲಿ 1,24,71,770ಕ್ಕೆ ಇಳಿಯಿತು. ಸುಮಾರು ಒಂಬತ್ತು ಲಕ್ಷ ಜನರ ಈ ಕೊರತೆಯಲ್ಲಿ ಇನ್‌ಫ್ಲುಯೆಂಜಾದ ಪಾಲು ದೊಡ್ಡದು, ಅದೇ ವರ್ಷ ಮಳೆ ಕೈಕೊಟ್ಟದ್ದರ ಪಾಲೂ ಇದೆ. ಈ ಜ್ವರವು ಮಕ್ಕಳು ಮುದುಕರಿಗಿಂತ ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರೊಳಗಿನ, ದುಡಿಯುವ ವಯಸ್ಸಿನವರನ್ನು ಒಯ್ದಿತು. ಮನೆತನದ ವಂಶವೃಕ್ಷ ಕೇಳುವಾಗ ಅದೇ ವರ್ಷ ತಾಯಿಯೋ ತಂದೆಯೋ ತೀರಿಕೊಂಡು, ಕೂಸು ಸೋದರಮಾವನ ಮನೆಯಲ್ಲಿ ಬೆಳೆದ ಸಂಗತಿಗಳು ಬಂದರೆ ಅವನ್ನು ಬೇರೆಯಾಗಿ ಗುರುತು ಮಾಡಿಕೊಳ್ಳಿ.

ಜನಗಣತಿಯ ಅಂಕೆಗಳನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. ಎಣಿಕೆ ನಡೆದದ್ದು 1901ರಲ್ಲಿ ಮಾರ್ಚ್ 1ರಂದು, 1911ರಲ್ಲಿ ಮಾರ್ಚ್ 10ರಂದು, 1921ರಲ್ಲಿ ಮಾರ್ಚ್ 18ರಂದು. ಪ್ಲೇಗು ದಖನ್ನಿನಲ್ಲಿ ಮಳೆಗಾಲ ಕಳೆದ ಮೇಲೆ ಏರಿ, ಚಳಿಗಾಲವಿಡೀ ಉಳಿದು, ಬಿಸಿಲು ಬಲಿತು ಚಿಗಟೆಗಳು ಸಾಯತೊಡಗಿದ ಮೇಲೆ ಇಳಿಯುತ್ತಿತ್ತು. ಹೀಗಾಗಿ ಎಣಿಕೆಯ ಹೊತ್ತಿಗೆ ಪ್ಲೇಗಿದ್ದ ಊರಿನ ಜನರು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಕುಳಿತಿರುವ ಸಾಧ್ಯತೆ ಇತ್ತು. ಪಟ್ಟಣದ ಸಂಖ್ಯೆ ಇಳಿದಿದ್ದರೆ ಅದೆಲ್ಲ ಸಾವು ಎಂದು ಬರೆಯಬೇಡಿ.

ಪ್ಲೇಗಿನ ದಾರಿಯನ್ನು ಹಿಡಿಯಲು ರೈಲನ್ನೂ ಧಾನ್ಯವನ್ನೂ ಹಿಂಬಾಲಿಸಬೇಕು. ಮುಂಬಯಿಯಿಂದ ಸೋಲಾಪುರ, ಗುಲಬರ್ಗಾ, ವಾಡಿಗಳ ಮೂಲಕ ಸಾಗುವ ಜಿ.ಐ.ಪಿ. (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲು ಮಾರ್ಗವು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಮಾರ್ಗವನ್ನು ಕೂಡಿತ್ತು. ಇಲಿಯ ಮೈಮೇಲಿನ ಚಿಗಟೆಯೇ ಈ ಬೇನೆಯನ್ನು ಮನುಷ್ಯನಿಗೆ ದಾಟಿಸುತ್ತದೆಂದು 1898ರಲ್ಲಿ ಪಾಲ್ ಲೂಯಿ ಸಿಮೋಂ ತೋರಿಸಿದರೂ ಆ ಮಾತು ಎಲ್ಲರೂ ಒಪ್ಪುವಂತಾಗಲು ಹಲವು ವರ್ಷಗಳು ಹಿಡಿದವು. ಹಾಫ್‌ಕಿನ್ ಅವರು 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿದ್ದರು. ನಮ್ಮ ಜನ ಈ ವಾದಗಳನ್ನು ಕಾಯದೆ, ಮನೆಯಲ್ಲಿ ಇಲಿ ಬಿದ್ದೊಡನೆ ಊರು ಬಿಡುತ್ತಿದ್ದರು, ಅದು ಸರಿಯಾದ ಕ್ರಮವೂ ಆಗಿತ್ತು. ನಿಮ್ಮ ಮೊಹಲ್ಲಾದಲ್ಲಿ ತೊಗರಿ, ಜೋಳ ತುಂಬಿಡುತ್ತಿದ್ದ ಅಡತಿ ಅಂಗಡಿಗಳು, ಹಗೇವುಗಳು ಎಲ್ಲಿದ್ದವು, ಸ್ಟೇಷನ್ನಿನಿಂದ ಬಂಡಿಗಳು ಯಾವ ಹಾದಿಯಲ್ಲಿ ಬರುತ್ತಿದ್ದವು, ಮೆಹಬೂಬ್ ಶಾಹಿ ಗಿರಣಿಯ ಕೂಲಿಕಾರರು ಎಲ್ಲಿ ವಾಸವಿದ್ದರು ಎಂಬುದನ್ನು ನಕ್ಷೆಗೆ ಏರಿಸಿ. ಮರಗಮ್ಮನ ಗುಡಿ ಇದ್ದರೆ ಅದನ್ನೂ ಗುರುತಿಸಿ, ಯಾವ ಬೇನೆ ಬಂದಾಗ ಅಲ್ಲಿ ಹರಕೆ ನಡೆಯಿತೆಂದು ಪೂಜಾರಿಯ ಮನೆಯವರನ್ನು ಕೇಳಿ.

ಕಾಲರಾದ ವಿಷಯದಲ್ಲಿ ಕಲಬುರಗಿಗೆ ಬೇರೆ ಊರುಗಳಿಗಿಲ್ಲದ ಒಂದು ಅನುಕೂಲವಿದೆ. ಶರಣಬಸವೇಶ್ವರರ ಜಾತ್ರೆ ಹೋಳಿ ಹುಣ್ಣಿಮೆಯ ಬೆನ್ನಿಗೆ, ಬಾವಿಗಳ ನೀರು ಇಳಿಯುವ ಕಾಲದಲ್ಲಿಯೇ ಪ್ರತಿ ವರ್ಷ ಬರುತ್ತದೆ. ಖಾಜಾ ಬಂದೇನವಾಜರ ಉರುಸು ಜಿಲ್‌ಖಾದ ತಿಂಗಳ 15ರಿಂದ 17ರವರೆಗೆ ನಡೆಯುವುದರಿಂದ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತ, ಮೂವತ್ತಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಕಾಲರಾ ಬಂದ ವರ್ಷಗಳ ತಿಂಗಳುಗಳನ್ನು ಈ ಎರಡರ ಪಕ್ಕದಲ್ಲಿಟ್ಟು ನೋಡಿರಿ. ಉರುಸು ಮಳೆಗಾಲದಲ್ಲಿ ಬಿದ್ದ ವರ್ಷಗಳಲ್ಲಿಯೂ ಬೇನೆ ಬೇಸಿಗೆಯಲ್ಲಿಯೇ ಎದ್ದಿದ್ದರೆ ನೀರಿನ ಅಭಾವದ ಕಡೆಗೆ, ಉರುಸಿನ ಜೊತೆಗೆ ತಿಂಗಳೂ ಸರಿದಿದ್ದರೆ ಜನದಟ್ಟಣೆಯ ಕಡೆಗೆ ಬೆರಳು ತೋರಿಸಬಹುದು. ಈ ಹೋಲಿಕೆಯನ್ನು ಯಾವ ಸಮುದಾಯದ ಮೇಲೂ ದೋಷ ಹೊರಿಸಲು ಬಳಸಬಾರದು. ಬೇನೆಯನ್ನು ಹರಡಿದ್ದು ಕೆಟ್ಟ ನೀರು.

ಮೂಲ ಕಡತಗಳ ಬಹುಭಾಗ ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿದೆ, ಏಕೆಂದರೆ 1956ರ ನವೆಂಬರ್ 1ರಂದು ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದರೂ ರಾಜಧಾನಿಯ ಕಾಗದಗಳು ಅಲ್ಲಿಯೇ ಉಳಿದವು. ಅವು ಉರ್ದುವಿನಲ್ಲಿವೆ, ಅದೂ ಬಹುಪಾಲು ಶಿಕಸ್ತಾ ಎಂಬ, ಅಕ್ಷರಗಳನ್ನು ಮುರಿದು ಕೂಡಿಸಿ ವೇಗವಾಗಿ ಬರೆಯುವ ಕೈಬರಹದಲ್ಲಿ. ಓದಬಲ್ಲ ಹಿರಿಯರೊಬ್ಬರನ್ನು ಮೊದಲೇ ಜೊತೆ ಮಾಡಿಕೊಳ್ಳಿ. ಹುಡುಕುವಾಗ ತಬಾಬತ್ (ವೈದ್ಯಕೀಯ), ಸಫಾಯಿ (ನೈರ್ಮಲ್ಯ), ಆಬ್‌ರಸಾನಿ (ನೀರು ಪೂರೈಕೆ) ಎಂಬ ತಲೆಬರಹಗಳನ್ನು ಕೇಳಿ. ಪ್ಲೇಗಿಗೆ ತಾವೂನ್, ಕಾಲರಾಕ್ಕೆ ಹೈಜಾ, ಸಿಡುಬಿಗೆ ಚೇಚಕ್ ಎಂದಿರುತ್ತದೆ. ಬರಿಯ ಜ್ವರ ಎಂದು ಬರೆದ ಸಾವುಗಳನ್ನು ಮಲೇರಿಯಾ ಎಂದು ಭಾವಿಸಬೇಡಿ. ಆ ಕಾಲದಲ್ಲಿ ವಿಷಮಶೀತ ಜ್ವರ, ಇನ್‌ಫ್ಲುಯೆಂಜಾ, ನ್ಯುಮೋನಿಯಾ ಎಲ್ಲವೂ ಅದೇ ಕಲಮಿಗೆ ಬೀಳುತ್ತಿದ್ದವು. ಮುದ್ರಿತ ಜನಗಣತಿ ಸಂಪುಟಗಳು ಇಂಗ್ಲಿಷಿನಲ್ಲಿ ಸುಲಭವಾಗಿ ಸಿಗುತ್ತವೆ.

ಹಿರಿಯರೊಡನೆ ಮಾತಾಡುವಾಗ ರೋಗದ ಹೆಸರಿನಿಂದ ಆರಂಭಿಸದೆ ಮನೆಯ ನೀರಿನಿಂದ ಆರಂಭಿಸಿ. "ಆಯಿ, ನಿಮ್ಮ ಅತ್ತಿಯವರು ಕುಡಿಯೋ ನೀರು ಎಲ್ಲಿಂದ ತರ್ತಿದ್ರು?" ಎಂದು ಕೇಳಿದರೆ ಬಾವಿ, ಸರದಿ, ಜಗಳ, ಬೇನೆ ಎಲ್ಲವೂ ತಾವಾಗಿಯೇ ಬರುತ್ತವೆ. "ಮುತ್ಯಾ, ಊರ ಬಿಟ್ಟು ಯಾವ ಹೊಲಕ್ಕ ಹೋಗಿದ್ರಂತ?" ಎಂಬ ಪ್ರಶ್ನೆ ಪ್ಲೇಗಿನ ಜಾಗವನ್ನೇ ತೋರಿಸುತ್ತದೆ. ದೇವಿ ಹಾಕಲು, ಅಂದರೆ ಸಿಡುಬಿನ ಲಸಿಕೆ ಹಾಕಲು, ಬಂದವರನ್ನು ಕಂಡು ಮಕ್ಕಳನ್ನು ಬಚ್ಚಿಟ್ಟರೇ, ತಾವೇ ಕರೆತಂದರೇ ಎಂಬುದನ್ನೂ ಕೇಳಿ. ಇಂದು ಬದುಕಿರುವವರು ಹೇಳುವುದು ಬಹುಮಟ್ಟಿಗೆ ಕೇಳಿದ ಮಾತು. ಆದ್ದರಿಂದ ಟಿಪ್ಪಣಿಯಲ್ಲಿ ಕಣ್ಣಾರೆ ಕಂಡದ್ದು, ಹಿರಿಯರಿಂದ ಕೇಳಿದ್ದು, ನಿಮ್ಮ ಊಹೆ, ಈ ಮೂರನ್ನು ಬೇರೆ ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ.

ಕೊನೆಗೆ ನಕ್ಷೆಯನ್ನು ಎರಡು ಪ್ರತಿ ಮಾಡಿ. ಮನೆತನಗಳ ಹೆಸರಿರುವ ಪ್ರತಿ ನಿಮ್ಮಲ್ಲಿಯೇ ಇರಲಿ. ಕುಷ್ಠ, ಕ್ಷಯದಂಥ ಬೇನೆಗಳ ಮಾತು ಇಂದಿಗೂ ಮದುವೆಯ ಮಾತುಕತೆಗೆ ಅಡ್ಡ ಬರುವುದುಂಟು. ಹೊರಗೆ ಕೊಡುವ ಪ್ರತಿಯಲ್ಲಿ ಗಲ್ಲಿ, ಬಾವಿ, ಮೋರಿ, ವರ್ಷ, ಬೇನೆ ಇಷ್ಟೇ ಇರಲಿ. ಪ್ರತಿಯೊಂದು ಬಾವಿಯ ಈಗಿನ ಸ್ಥಿತಿಯನ್ನು ದಿನಾಂಕದೊಂದಿಗೆ ಬರೆದು, ಅದನ್ನು ಮೊಹಲ್ಲಾದ ಶಾಲೆಗೂ ನಗರದ ಗ್ರಂಥಾಲಯಕ್ಕೂ ಒಪ್ಪಿಸಿ, ಮಾತಾಡಿದ ಹಿರಿಯರಿಗೆ ಅವರು ಹೇಳಿದ ಭಾಗವನ್ನು ಓದಿ ಕೇಳಿಸಿ, ಅವರು ತಿದ್ದಿದ್ದನ್ನು ಅಲ್ಲಿಯೇ ಸೇರಿಸಿಕೊಳ್ಳಿ.