ಸ್ನಾನ ಆದ ಮೇಲೆ ಮೈ ತುರಿಕೆ: ನನಗೆ ಕೊನೆಗೆ ಕೆಲಸ ಮಾಡಿದ್ದು

ಸ್ನಾನ ಮುಗಿಸಿ ಬಟ್ಟೆ ಹಾಕಿಕೊಳ್ಳುವಷ್ಟರಲ್ಲಿ ಕಾಲು, ತೊಡೆ, ಬೆನ್ನು ತುರಿಸಲು ಶುರು. ಗಂಧೆ ಇಲ್ಲ, ಕೆಂಪಾಗುವುದೂ ಇಲ್ಲ. ಕೆರೆದರೆ ಬಿಳಿ ಗೆರೆ ಬೀಳುತ್ತಿತ್ತು ಅಷ್ಟೇ. ಅರ್ಧ ಗಂಟೆಗೆ ತಾನಾಗೇ ನಿಲ್ಲುತ್ತಿತ್ತು. ಮನೆಗೆ ಬರುವುದು ಬೋರ್‌ವೆಲ್ ನೀರು, ಚಳಿಗಾಲದಲ್ಲಿ ಕಾಟ ಜಾಸ್ತಿ.

ಮೂರು ಸಲ ಸೋಪು ಬದಲಾಯಿಸಿದೆ. ಬಕೆಟ್‌ಗೆ ಆಂಟಿಸೆಪ್ಟಿಕ್ ಹಾಕಿದೆ, ಚರ್ಮ ಇನ್ನೂ ಒಣಗಿತು. ಅಲರ್ಜಿಗೆ ಕೊಡುವ ಸೆಟಿರಿಜಿನ್ ಮಾತ್ರೆ ನುಂಗಿದರೆ ನಿದ್ದೆ ಬಂತು, ತುರಿಕೆ ಹೋಗಲಿಲ್ಲ. ನಲ್ಲಿಗೆ ಸಿಕ್ಕಿಸಿದ ಫಿಲ್ಟರ್ ಮಣ್ಣು ತಡೆಯಿತು, ನೀರಿನ ಗಡಸುತನ ಹಾಗೇ ಇತ್ತು. ಸ್ನಾನಕ್ಕೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಆಮೇಲೆ ಸೋಪು ಹಾಕಿ ಉಜ್ಜಿದರೆ ಮೈಮೇಲೆ ಏನು ಉಳಿಯುತ್ತೆ, ಅಲ್ವಾ?

ಸುಡು ನೀರು ಮತ್ತು ಸೋಪು ಚರ್ಮದ ಎಣ್ಣೆ ತೆಗೆಯುತ್ತವೆ, ಗಡಸು ನೀರಿನಲ್ಲಿ ಸೋಪಿನ ಜಿಡ್ಡು ಮೈಗೆ ಅಂಟಿಕೊಂಡೇ ಇರುತ್ತದೆ. ಹಾಗಾಗಿ ಈ ಕ್ರಮ ಹಿಡಿದೆ. ತಣ್ಣೀರು ಬೆರೆಸಿ ನೀರು 37-38 ಡಿಗ್ರಿಗೆ ತಂದೆ, ಅಂದರೆ ಕೈಗೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ. ಐದಾರು ನಿಮಿಷದಲ್ಲಿ ಸ್ನಾನ ಮುಗಿಯಬೇಕು. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ, ಕೈಕಾಲಿಗೆ ಬರೀ ನೀರು. ಟವೆಲ್‌ನಲ್ಲಿ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಹಸಿ ಇರುವಾಗಲೇ, ಮೂರು ನಿಮಿಷದೊಳಗೆ, ಬಚ್ಚಲಲ್ಲೇ ನಿಂತು ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಹಚ್ಚಬೇಕು. ರೂಮಿಗೆ ಬಂದು, ಮೊಬೈಲ್ ನೋಡಿ, ಆಮೇಲೆ ಹಚ್ಚಿದ ದಿನ ಮತ್ತೆ ತುರಿಸಿತು. ವಾರದಲ್ಲಿ ಅರ್ಧ ಕಡಿಮೆಯಾಯಿತು, ಮೂರನೇ ವಾರ ಪೂರ್ತಿ ನಿಂತಿತು.

ಇಷ್ಟು ಮಾಡಿಯೂ ನೀರು ಮುಟ್ಟಿದಾಗಲೆಲ್ಲ ಚುಚ್ಚಿದಂತೆ ತುರಿಸಿದರೆ ಡಾಕ್ಟರ್ ಹತ್ತಿರ ಸಿಬಿಸಿ, ಅಂದರೆ ರಕ್ತಕಣ ಎಣಿಸುವ ರಕ್ತಪರೀಕ್ಷೆ ಕೇಳಿ. ಕೆಂಪು ರಕ್ತಕಣ ಹೆಚ್ಚಾಗುವ ಪಾಲಿಸೈಥೀಮಿಯಾ ವೆರಾ ಎಂಬ ಕಾಯಿಲೆಯಲ್ಲೂ ಹೀಗಾಗುತ್ತದೆ.