ಕೆಸರು, ಏರು, ಇಳಿಜಾರು: ಮ್ಯಾನುವಲ್ ಗೇರೋ ಆಟೊಮ್ಯಾಟಿಕ್ಕೋ?

ಮಂಡ್ಯದ ಬಯಲಿನಲ್ಲಿ ನಾಟಿಗೆ ಮುಂಚೆ ಗದ್ದೆಯ ಕೆಸರು ಹದ ಮಾಡುವ ಟ್ರ್ಯಾಕ್ಟರನ್ನು ಬದುವಿನ ಮೇಲೆ ನಿಂತು ಹತ್ತು ನಿಮಿಷ ನೋಡಿದರೆ, ರಸ್ತೆಯಿಲ್ಲದ ಕಡೆ ಗಾಡಿ ಓಡಿಸುವ ವಿದ್ಯೆಯಲ್ಲಿ ಅರ್ಧದಷ್ಟು ಕಣ್ಣೆದುರಿಗೇ ಸಿಗುತ್ತದೆ. ಚಾಲಕನು ತಾಕಿಗೆ ಇಳಿಯುವ ಮೊದಲೇ ಹೈ-ಲೋ ಲಿವರನ್ನು ಲೋ ಕಡೆಗೆ ಹಾಕಿ, ತಕ್ಕ ಗೇರ್ ಹಾಕಿಕೊಂಡು, ಕ್ಲಚ್ಚಿನ ಮೇಲಿನಿಂದ ಕಾಲನ್ನು ಪೂರ್ತಿಯಾಗಿ ತೆಗೆದುಬಿಡುತ್ತಾನೆ. ಆಮೇಲೆ ತಾಕಿನ ಆ ತುದಿ ಮುಟ್ಟುವ ತನಕ ಗೇರಿನ ತಂಟೆಗೇ ಹೋಗುವುದಿಲ್ಲ. ಪಾಂಡವಪುರದ ಕಡೆಯ ಒಬ್ಬ ಟ್ರ್ಯಾಕ್ಟರ್ ಚಾಲಕರು ನನ್ನ ಜೀಪು ಕೆಸರಿನಲ್ಲಿ ಕೂತಿದ್ದಾಗ ಹೇಳಿದ ಮಾತು ಇದು: "ಅಣ್ಣ, ಕೆಸರೊಳಕ್ಕೆ ಹೋದ್ಮೇಲೆ ಗೇರ್ ಹುಡುಕಕ್ಕಾಗಲ್ಲ. ಬದು ಮೇಲಿದ್ದಾಗ್ಲೇ ಹಾಕ್ಕೊಂಡು ಇಳೀಬೇಕು." ಮ್ಯಾನುವಲ್ ಒಳ್ಳೆಯದೋ ಆಟೊಮ್ಯಾಟಿಕ್ ಒಳ್ಳೆಯದೋ ಎಂದು ಕೇಳುವವರಿಗೆ ನಾನು ಮೊದಲು ಈ ಮಾತನ್ನೇ ಹೇಳುತ್ತೇನೆ. ಏಕೆಂದರೆ ಏರುವಾಗ, ಇಳಿಯುವಾಗ ಮತ್ತು ಕೆಟ್ಟು ನಿಂತಾಗ ಈ ಎರಡೂ ಬಗೆಯ ಗೇರುಗಳ ಗುಣ ಬೇರೆಬೇರೆಯಾಗಿದ್ದು, ಯಾವುದನ್ನು ಕೊಂಡರೂ ಅದರ ದುರ್ಬಲ ಜಾಗಕ್ಕೆ ಹೋಗುವ ಮುನ್ನವೇ ತಯಾರಾಗಿರಬೇಕಾಗುತ್ತದೆ.

ಗೇರಿನ ಬಗೆಗಿಂತ ಮೊದಲು ನೋಡಬೇಕಾದದ್ದು ಲೋ ರೇಂಜ್, ಅಂದರೆ ಚಕ್ರವನ್ನು ನಿಧಾನವಾಗಿ ಆದರೆ ಹೆಚ್ಚು ಬಲದಿಂದ ತಿರುಗಿಸುವ ಏರ್ಪಾಡು, ಇದೆಯೇ ಎಂಬುದನ್ನು. ಟ್ರ್ಯಾಕ್ಟರಿನ ಲೋ ಲಿವರ್ ಮಾಡುವ ಕೆಲಸವನ್ನೇ ಜೀಪಿನಲ್ಲಿ ಟ್ರಾನ್ಸ್‌ಫರ್ ಕೇಸ್ ಎಂಬ ಎರಡನೆಯ ಗೇರ್ ಪೆಟ್ಟಿಗೆ ಮಾಡುತ್ತದೆ. ಮಹೀಂದ್ರಾ ಥಾರ್‌ನ ಫೋರ್ ವೀಲ್ ಡ್ರೈವ್ ಮಾದರಿಗಳಲ್ಲಿ, ಮಾರುತಿ ಜಿಮ್ನಿಯಲ್ಲಿ ಮತ್ತು ಫೋರ್ಸ್ ಗೂರ್ಖಾದಲ್ಲಿ ಇದು ಇದೆ. ಥಾರ್ ಮತ್ತು ಜಿಮ್ನಿ ಎರಡೂ ಬಗೆಯ ಗೇರುಗಳಲ್ಲಿ ಸಿಗುತ್ತವೆ. ಲೋ ರೇಂಜ್ ಇಲ್ಲದ ಎಸ್‌ಯುವಿಯನ್ನು ಎತ್ತರ ಇದೆ ಎಂಬ ಒಂದೇ ಧೈರ್ಯದ ಮೇಲೆ ಬೆಟ್ಟಕ್ಕೆ ಹತ್ತಿಸಲು ಹೊರಟರೆ ಯಾವ ಗೇರೂ ಕೈಹಿಡಿಯುವುದಿಲ್ಲ.

ಎರಡನೆಯ ಮಾತು, ಆಟೊಮ್ಯಾಟಿಕ್ ಎಂಬ ಒಂದೇ ಹೆಸರಿನಲ್ಲಿ ನಾಲ್ಕು ಬೇರೆಬೇರೆ ಯಂತ್ರಗಳು ಮಾರಾಟವಾಗುತ್ತಿವೆ. ಎಎಂಟಿ ಎಂದರೆ ಮಾಮೂಲಿ ಮ್ಯಾನುವಲ್ ಗೇರೇ. ಕ್ಲಚ್ಚನ್ನು ಒತ್ತುವ, ಗೇರ್ ಬದಲಿಸುವ ಕೆಲಸಗಳನ್ನು ಮಾತ್ರ ಕೈಕಾಲಿನ ಬದಲು ಮೋಟಾರು ಅಥವಾ ಹೈಡ್ರಾಲಿಕ್ ಸಾಧನ ಮಾಡುತ್ತದೆ. ಏರಿನಲ್ಲಿ ಅದು ಹಾಫ್ ಕ್ಲಚ್ ಹಿಡಿದು ತೆವಳಿ, ಕೊನೆಗೆ ಕ್ಲಚ್ ಪ್ಲೇಟನ್ನೇ ಸುಡುತ್ತದೆ. ಎರಡು ಕ್ಲಚ್ಚುಗಳಿರುವ ಡ್ಯುಯಲ್ ಕ್ಲಚ್ ಪೆಟ್ಟಿಗೆಗೂ ನಿಧಾನದ ತೆವಳಿಕೆಯಲ್ಲಿ ಬಿಸಿಯೇರುವ ಇದೇ ಕಾಯಿಲೆ ಇದೆ. ಸಿವಿಟಿಯಲ್ಲಿ ಬೆಲ್ಟ್ ಅಥವಾ ಸರಪಳಿಯ ಹಿಡಿತದ ಮೇಲೆಯೇ ಎಲ್ಲವೂ ನಿಂತಿರುವುದರಿಂದ, ಜಾರುತ್ತಿದ್ದ ಚಕ್ರಕ್ಕೆ ಕಲ್ಲಿನ ಮೇಲೆ ಥಟ್ಟನೆ ಹಿಡಿತ ಸಿಕ್ಕಾಗ ಬೀಳುವ ಪೆಟ್ಟು ಅದಕ್ಕೆ ಒಗ್ಗುವುದಿಲ್ಲ. ಇಂಥ ದಾರಿಗೆ ಲೆಕ್ಕಕ್ಕೆ ಬರುವುದು ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್ ಒಂದೇ, ಮುಂದೆ ನಾನು ಆಟೊಮ್ಯಾಟಿಕ್ ಎಂದಲ್ಲೆಲ್ಲ ಅದೇ ಎಂದು ತಿಳಿಯಬೇಕು.

ಈ ಕನ್ವರ್ಟರಿನೊಳಗೆ ಎಂಜಿನ್ನಿಗೂ ಗೇರ್ ಪೆಟ್ಟಿಗೆಗೂ ನಡುವೆ ಎಣ್ಣೆ ಇರುತ್ತದೆ. ಎಂಜಿನ್ ಕಡೆಯ ರೆಕ್ಕೆಗಳು ಎಣ್ಣೆಯನ್ನು ಬೀಸಿ ಎಸೆದರೆ ಗೇರ್ ಕಡೆಯ ರೆಕ್ಕೆಗಳು ಆ ರಭಸಕ್ಕೆ ತಿರುಗುತ್ತವೆ. ನಡುವಿನ ಸ್ಟೇಟರ್ ಹಿಂದಿರುಗುವ ಎಣ್ಣೆಯ ದಿಕ್ಕನ್ನು ತಿದ್ದುವುದರಿಂದ, ಗಾಡಿ ಇನ್ನೂ ಕದಲದೆ ಎಂಜಿನ್ ಮಾತ್ರ ಎಳೆಯುತ್ತಿರುವ ಹೊತ್ತಿನಲ್ಲಿ ತಿರುಗುಬಲ ಸುಮಾರು ಎರಡು ಪಟ್ಟಾಗುತ್ತದೆ. ಇದರ ಫಲವನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡಬಹುದು. ಒಂದು ಮ್ಯಾನುವಲ್ ಜೀಪಿನ ಗೇರ್ ಅನುಪಾತಗಳು ಮೊದಲ ಗೇರ್ 4.4, ಲೋ ರೇಂಜ್ 2, ಆಕ್ಸಲ್ 4.1 ಎಂದು ಇಟ್ಟುಕೊಂಡು ಗುಣಿಸಿದರೆ 36 ಬರುತ್ತದೆ, ಅಂದರೆ ಎಂಜಿನ್ 36 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ಬರುತ್ತದೆ. ಆಟೊಮ್ಯಾಟಿಕ್ಕಿನಲ್ಲಿ ಮೊದಲ ಗೇರ್ ಸಾಮಾನ್ಯವಾಗಿ ಅಷ್ಟು ಆಳವಾಗಿರುವುದಿಲ್ಲ, 2.9, 2, 4.3 ಎಂದಿಟ್ಟುಕೊಂಡರೆ 25 ಮಾತ್ರ. ಏರುವಾಗ ಕನ್ವರ್ಟರ್ ಆ 25ನ್ನು 50ರವರೆಗೆ ಹಿಗ್ಗಿಸಿ ಮ್ಯಾನುವಲ್ಲನ್ನು ಹಿಂದೆ ಹಾಕುತ್ತದೆ. ಇಳಿಯುವಾಗ ಗಾಡಿಯನ್ನು ತಡೆದು ಹಿಡಿಯಬೇಕಾದದ್ದು ಎಂಜಿನ್ನೇ, ಅಲ್ಲಿ ಈ ಹಿಗ್ಗುವಿಕೆ ಇಲ್ಲ, 25 ಎಂಬುದು 25 ಆಗಿಯೇ ಉಳಿಯುತ್ತದೆ. ಮ್ಯಾನುವಲ್ಲಿನ 36 ಮಾತ್ರ ಮೇಲಕ್ಕೂ 36, ಕೆಳಕ್ಕೂ 36. ಆಟೊಮ್ಯಾಟಿಕ್ ಏರಿನ ಗೆಳೆಯ, ಮ್ಯಾನುವಲ್ ಇಳಿಜಾರಿನ ಗೆಳೆಯ ಎಂದು ಅನುಭವಿಗಳು ಹೇಳುವುದರ ಹಿಂದಿನ ಗುಟ್ಟು ಇಷ್ಟೇ.

ಮ್ಯಾನುವಲ್ಲಿನಲ್ಲಿ ಏರು ಹತ್ತುವ ಕ್ರಮವನ್ನು ಮೊದಲು ಹೇಳುತ್ತೇನೆ. ಸಮತಟ್ಟಾದ ಜಾಗದಲ್ಲಿ ಗಾಡಿಯನ್ನು ಪೂರ್ತಿ ನಿಲ್ಲಿಸಿ ಲೋ ರೇಂಜಿಗೆ ಹಾಕಬೇಕು. ಕಲ್ಲು ಗುಂಡುಗಳ ಕಡಿದಾದ ಏರಾದರೆ ಮೊದಲ ಗೇರ್, ಸಡಿಲ ಮಣ್ಣಿನ ಉದ್ದನೆಯ ಏರಾದರೆ ಎರಡನೆಯ ಗೇರ್ ಸಾಕು. ಕ್ಲಚ್ ಬಿಟ್ಟ ಮೇಲೆ ಎಡಗಾಲು ನೆಲದ ಮೇಲಿರಬೇಕು, ಪೆಡಲಿನ ಹತ್ತಿರ ಸುಳಿಯಲೂ ಬಾರದು. ಮೇಲಿನ ಲೆಕ್ಕದ ಜೀಪು ನಿಮಿಷಕ್ಕೆ 800 ಸುತ್ತಿನ ಐಡಲಿನಲ್ಲಿ ಗಂಟೆಗೆ ಸುಮಾರು 3 ಕಿಲೋಮೀಟರ್ ವೇಗದಲ್ಲಿ, ಅಂದರೆ ಜಾತ್ರೆಯಲ್ಲಿ ಮಗುವಿನ ಕೈಹಿಡಿದು ನಡೆಯುವ ವೇಗದಲ್ಲಿ ತಾನಾಗಿಯೇ ತೆವಳುತ್ತದೆ. ಹೊಸಬರು ಇಲ್ಲಿಯೇ ತಪ್ಪುತ್ತಾರೆ. ಎಂಜಿನ್ ಗೊರಗುಟ್ಟಿ ಆಫ್ ಆಗಿಬಿಡುತ್ತದೆಂಬ ಭಯಕ್ಕೆ ಹಾಫ್ ಕ್ಲಚ್ ಹಿಡಿಯುತ್ತಾರೆ. ನಾನೂ ಹಿಡಿದಿದ್ದೇನೆ. ಗೆಳೆಯನೊಬ್ಬನ ತೋಟದ ಹಿಂದಿನ ದಿಣ್ಣೆಯನ್ನು ಹತ್ತುವಾಗ, ಒಂದು ಬಂಡೆಯ ಅಂಚಿಗೆ ಮುಂದಿನ ಚಕ್ರ ತಾಗಿ ನಿಂತಿತು. ನಾನು ಕ್ಲಚ್ಚನ್ನು ಅರ್ಧ ಬಿಟ್ಟು, ಆಕ್ಸಿಲರೇಟರ್ ಒತ್ತಿ, ಚಕ್ರ ಬಂಡೆಯನ್ನು ಏರುವವರೆಗೆ ಅರ್ಧ ನಿಮಿಷ ಹಾಗೆಯೇ ಹಿಡಿದಿದ್ದೆ. ಸುಟ್ಟ ಬ್ರೇಕ್ ಲೈನರಿನಂಥ ಕಮಟು ವಾಸನೆ ಮೊದಲು ಬಂತು, ಗೇರ್ ಲಿವರಿನ ರಬ್ಬರ್ ತೊಗಲಿನ ಸಂದಿನಿಂದ ತೆಳ್ಳಗೆ ಹೊಗೆ ಆಮೇಲೆ ಬಂತು. ಪ್ಲೇಟ್ ಬಿಚ್ಚಿದ ಮೆಕ್ಯಾನಿಕ್ ಅದನ್ನು ಕೈಯಲ್ಲಿ ಹಿಡಿದು ತೋರಿಸಿದಾಗ ಅದರ ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಬಂಡೆ ತಾಗಿದ ಕ್ಷಣದಲ್ಲಿ ಒಂದು ಅಡಿ ಹಿಂದಕ್ಕೆ ಬಂದು, ಚಕ್ರದ ಮುಂದೆ ಒಂದು ಚಪ್ಪಟೆ ಕಲ್ಲಿಟ್ಟು ಹತ್ತಿದ್ದರೆ ಆ ಖರ್ಚು ಉಳಿಯುತ್ತಿತ್ತು.

ಅದೇ ಬಂಡೆಯನ್ನು ಆಟೊಮ್ಯಾಟಿಕ್ಕಿನಲ್ಲಿ ಹತ್ತುವುದು ಬಹಳ ಸುಲಭ. ಗೇರನ್ನು ಮ್ಯಾನುವಲ್ ಮೋಡಿನಲ್ಲಿ ಒಂದಕ್ಕೆ ಅಥವಾ ಎಲ್‌ಗೆ ಕಟ್ಟಿಹಾಕಿ, ಎಡಗಾಲನ್ನು ಬ್ರೇಕಿನ ಮೇಲೆ ಹಗುರವಾಗಿ ಇಟ್ಟು, ಬಲಗಾಲಿನಿಂದ ಆಕ್ಸಿಲರೇಟರನ್ನು ನಿಧಾನವಾಗಿ ಒತ್ತಿದರೆ ತಿರುಗುಬಲ ತುಂಬಿಕೊಳ್ಳುತ್ತದೆ, ಬ್ರೇಕನ್ನು ಎಳೆಎಳೆಯಾಗಿ ಬಿಟ್ಟಂತೆ ಚಕ್ರ ಬಂಡೆಯ ಮೇಲೆ ಏರಿ, ಆ ಕಡೆ ಧಡ್ಡನೆ ಬೀಳದೆ ಕೂರುತ್ತದೆ. ಎರಡು ಕಾಲಿನ ಈ ಓಡಿಸುವಿಕೆ ನಗರದ ರಸ್ತೆಯಲ್ಲಿ ಕೆಟ್ಟ ಅಭ್ಯಾಸ, ಆದರೆ ಇಲ್ಲಿ ಅದೇ ಸರಿಯಾದ ಕ್ರಮ. ಹಾಗೆಂದು ಎಣ್ಣೆಗೆ ಬಿಸಿಯೇರುವುದಿಲ್ಲ ಎಂದುಕೊಳ್ಳಬಾರದು. ಹತ್ತು ನಿಮಿಷದ ಹೋರಾಟದ ನಂತರ ಒಂದು ಸಮತಟ್ಟಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಪಿ (ಪಾರ್ಕಿಂಗ್) ಸ್ಥಾನಕ್ಕೆ ಹಾಕಿ, ಎಂಜಿನ್ ಓಡುತ್ತಿರಲು ಬಿಡಬೇಕು. ಗೇರ್ ಎಣ್ಣೆಯನ್ನು ಕೂಲರಿಗೆ ತಳ್ಳುವ ಪಂಪನ್ನು ತಿರುಗಿಸುವುದು ಎಂಜಿನ್ನೇ ಆದ್ದರಿಂದ, ಅದನ್ನು ಆಫ್ ಮಾಡಿದರೆ ಬಿಸಿ ಎಣ್ಣೆ ನಿಂತಲ್ಲೇ ಬೇಯುತ್ತದೆ.

ಏರಿನ ನಡುವೆ ಗಾಡಿ ಸೋತು ನಿಂತರೆ ಮಾಡಬೇಕಾದದ್ದು ಎರಡರಲ್ಲೂ ಒಂದೇ, ಮತ್ತು ಇದನ್ನು ಬೆಟ್ಟಕ್ಕೆ ಹೋಗುವ ಮೊದಲು ಸಣ್ಣ ದಿಬ್ಬದ ಮೇಲೆ ಹತ್ತು ಸಲ ಅಭ್ಯಾಸ ಮಾಡಿಕೊಳ್ಳುವುದು ಅಗತ್ಯ. ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಎಂಜಿನ್ ಆಫ್ ಆಗಿದ್ದರೆ, ಮ್ಯಾನುವಲ್ಲಿನಲ್ಲಿ ಕ್ಲಚ್ ಒತ್ತಿ ಸ್ಟಾರ್ಟ್ ಮಾಡಿ ರಿವರ್ಸ್ ಹಾಕಿ. ಆಟೊಮ್ಯಾಟಿಕ್ಕಿನಲ್ಲಿ ಹ್ಯಾಂಡ್ ಬ್ರೇಕನ್ನೂ ಎಳೆದು, ಪಿ ಅಥವಾ ಎನ್‌ನಲ್ಲಿ ಸ್ಟಾರ್ಟ್ ಮಾಡಿ ಆರ್‌ಗೆ ಹಾಕಿ. ಕ್ಲಚ್ ಪೂರ್ತಿ ಬಿಟ್ಟ ಮೇಲೆಯೇ ಬ್ರೇಕನ್ನು ಸಡಿಲಿಸಿ, ಸ್ಟಿಯರಿಂಗನ್ನು ನೆಟ್ಟಗಿಟ್ಟು, ಹತ್ತಿದ ಜಾಡಿನಲ್ಲಿಯೇ ಎಂಜಿನ್ನಿನ ಹಿಡಿತದಲ್ಲಿ ಹಿಂದಕ್ಕೆ ಇಳಿಯಿರಿ. ಗಾಬರಿಯಲ್ಲಿ ಗಾಡಿಯನ್ನು ಅಡ್ಡ ತಿರುಗಿಸುವುದು ಅಥವಾ ನ್ಯೂಟ್ರಲ್‌ನಲ್ಲಿ ಉರುಳಬಿಡುವುದು, ಇವೆರಡೂ ಗಾಡಿ ಪಲ್ಟಿಯಾಗುವ ದಾರಿಗಳು.

ಇಳಿಜಾರಿನಲ್ಲಿ ಮ್ಯಾನುವಲ್ ಜೀಪಿನವರಿಗೆ ನಾನು ಹೇಳುವುದು ಒಂದೇ ವಾಕ್ಯ: ಲೋ ರೇಂಜಿನ ಮೊದಲ ಗೇರ್ ಹಾಕಿ, ಕ್ಲಚ್ ಮುಟ್ಟಬೇಡಿ. ಆಟೊಮ್ಯಾಟಿಕ್ಕಿನವರು ಡಿ (ಡ್ರೈವ್) ಸ್ಥಾನದಲ್ಲಿ ಇಳಿಯಬಾರದು, ಡಿಯಲ್ಲಿ ಬಿಟ್ಟರೆ ವೇಗ ಹೆಚ್ಚಿದಂತೆ ಪೆಟ್ಟಿಗೆ ತಾನೇ ಮೇಲಿನ ಗೇರಿಗೆ ಹೋಗಿ ಎಂಜಿನ್ನಿನ ಹಿಡಿತವನ್ನು ಬಿಟ್ಟುಕೊಡುತ್ತದೆ. ಒಂದನೆಯ ಗೇರಿಗೆ ಕಟ್ಟಿಹಾಕಿದರೂ ಮೇಲೆ ಹೇಳಿದ ಲೆಕ್ಕದಂತೆ ಹಿಡಿತ ಕಡಿಮೆ ಇರುವುದರಿಂದ, ಇಳಿಜಾರಿನಲ್ಲಿ ತಾನೇ ಬ್ರೇಕ್ ಹಿಡಿಯುವ ಹಿಲ್ ಡಿಸೆಂಟ್ ಕಂಟ್ರೋಲ್ ಇದ್ದರೆ ಅದನ್ನು ಹಾಕಬೇಕು, ಇಲ್ಲದಿದ್ದರೆ ಬ್ರೇಕನ್ನು ಹಗುರವಾಗಿ ಒತ್ತಿ ಬಿಡುತ್ತಾ ಇಳಿಯಬೇಕು. ಕಡಿದಾದ ಇಳಿಜಾರಿನಲ್ಲಿ ನಿಲ್ಲಿಸಬೇಕಾಗಿ ಬಂದರೆ ಮೊದಲು ಹ್ಯಾಂಡ್ ಬ್ರೇಕ್, ಆಮೇಲೆ ಪಿ. ಕ್ರಮ ತಿರುವುಮುರುವಾದರೆ ಗಾಡಿಯ ಭಾರವೆಲ್ಲ ಪೆಟ್ಟಿಗೆಯೊಳಗಿನ ಒಂದು ಸಣ್ಣ ಕೊಕ್ಕೆಯ ಮೇಲೆ ಬೀಳುತ್ತದೆ.

ನಮ್ಮ ಕಡೆಯ ಮಣ್ಣಿನ ಮಾತು ಬೇರೆಯೇ. ಮಂಡ್ಯದ ಕೆಂಪು ಮಣ್ಣು ಮಳೆ ನಿಂತು ಒಂದು ದಿನ ಕಳೆದರೆ ಹಿಡಿತ ಕೊಡುತ್ತದೆ, ಎರೆಮಣ್ಣು ಟಯರಿನ ಹಲ್ಲುಗಳ ಸಂದುಗಳಲ್ಲಿ ತುಂಬಿಕೊಂಡು ಬೋಳು ಟಯರಿನಂತೆ ಮಾಡಿಬಿಡುತ್ತದೆ. ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳು ಕೊರೆದ ಜಾಡುಗಳಲ್ಲಿ ಜೀಪಿನ ಹೊಟ್ಟೆಯೇ ನೆಲಕ್ಕೆ ಕೂರುತ್ತದೆ. ಎಲ್ಲಕ್ಕಿಂತ ಮೋಸಗಾರ ಜಾಗವೆಂದರೆ ಕೆರೆಯ ಅಥವಾ ಜಲಾಶಯದ ಅಂಗಳ. ಕನ್ನಂಬಾಡಿಯ ನೀರು 124.80 ಅಡಿಯ ಪೂರ್ಣಮಟ್ಟದಿಂದ ಬೇಸಿಗೆಯಲ್ಲಿ ಇಳಿದಾಗ ಹಿನ್ನೀರಿನ ದಂಡೆ ಮೇಲೆ ಒಣಗಿ ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುತ್ತದೆ, ಒಳಗೆ ಹೂಳು ಹಸಿಯಾಗಿಯೇ ಇರುತ್ತದೆ. ಇಂಥಲ್ಲಿ ಗೇರ್ ಬದಲಿಸಲು ಕ್ಲಚ್ ಒತ್ತಿದ ಅರೆಕ್ಷಣದಲ್ಲಿ ಮ್ಯಾನುವಲ್ ಗಾಡಿಯ ಓಟ ಸತ್ತುಹೋಗುತ್ತದೆ. ಎಳೆತ ಕಡಿಯದೆ ಗೇರ್ ಬದಲಿಸುವ ಆಟೊಮ್ಯಾಟಿಕ್ ಅಲ್ಲಿ ನಿಜಕ್ಕೂ ಮೇಲು. ಮ್ಯಾನುವಲ್ಲಿನವರು ಟ್ರ್ಯಾಕ್ಟರ್ ಚಾಲಕರ ಮಾತಿನಂತೆ ಲೋ ರೇಂಜಿನ ಎರಡು ಅಥವಾ ಮೂರನೆಯ ಗೇರನ್ನು ಮೊದಲೇ ಹಾಕಿಕೊಂಡು ಒಂದೇ ಓಟದಲ್ಲಿ ದಾಟಬೇಕು. ಎರಡೂ ಬಗೆಯವರು ಟಯರಿನ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸಿಕೊಂಡರೆ, ಗೇರಿನಿಂದ ಸಿಗುವುದಕ್ಕಿಂತ ಹೆಚ್ಚಿನ ಲಾಭ ಅದರಿಂದಲೇ ಸಿಗುತ್ತದೆ. ಡಾಂಬರಿಗೆ ಮರಳುವ ಮುನ್ನ ಮತ್ತೆ ತುಂಬಿಸಲು ಪಂಪ್ ಜೊತೆಗಿರಲಿ. ಹೂತುಕೊಂಡಾಗ ಡಿ, ಆರ್, ಡಿ, ಆರ್ ಎಂದು ತೂಗಾಡಿಸುವುದನ್ನು ಮೂರು ನಾಲ್ಕು ಸಲಕ್ಕೆ ನಿಲ್ಲಿಸಿ ಗುದ್ದಲಿ ಹಿಡಿಯಿರಿ.

ನೀರು ದಾಟುವಾಗ ಮ್ಯಾನುವಲ್ಲಿನಲ್ಲಿ ಕ್ಲಚ್ ಒತ್ತಿದರೆ ಪ್ಲೇಟಿನ ನಡುವೆ ನೀರು, ರಾಡಿ ಸೇರಿ ಜಾರತೊಡಗುತ್ತದೆ. ನಿಂತ ನೀರನ್ನೂ ಕೋಲಿನಿಂದ ಅಳೆದೇ ಇಳಿಯಬೇಕು. 2020ರ ಥಾರ್‌ಗೆ ತಯಾರಕರು ಹೇಳಿರುವ ಮಿತಿ 650 ಮಿಲಿಮೀಟರ್, ಅಂದರೆ ಸಾಧಾರಣ ಎತ್ತರದವರ ತೊಡೆಯ ನಡುಭಾಗದಷ್ಟು. ಹರಿಯುವ ನಾಲೆಗೆ ಇಳಿಯುವ ಪ್ರಶ್ನೆಯೇ ಇಲ್ಲ.

ಕೆಟ್ಟು ನಿಂತಾಗ ಮಾತ್ರ ಮ್ಯಾನುವಲ್ ಪೂರ್ತಿ ಗೆಲ್ಲುತ್ತದೆ. ಬ್ಯಾಟರಿ ಪೂರ್ತಿ ಸಾಯದೆ ಸೋತಿದ್ದರೆ ಮೂವರು ತಳ್ಳಿ ಸ್ಟಾರ್ಟ್ ಮಾಡಬಹುದು, ಸುಟ್ಟ ಕ್ಲಚ್ಚನ್ನು ತಾಲ್ಲೂಕು ಕೇಂದ್ರದ ಗ್ಯಾರೇಜಿನಲ್ಲೂ ಬದಲಿಸುತ್ತಾರೆ. ಆಟೊಮ್ಯಾಟಿಕ್ಕನ್ನು ತಳ್ಳಿ ಸ್ಟಾರ್ಟ್ ಮಾಡಲಾಗದು. ಚಕ್ರ ನೆಲದಲ್ಲಿಟ್ಟು ದೂರಕ್ಕೆ ಎಳೆಸಲೂ ಬಾರದು. ಟ್ರಾನ್ಸ್‌ಫರ್ ಕೇಸಿನಲ್ಲಿ ನ್ಯೂಟ್ರಲ್ ಇರುವ ಗಾಡಿಗಳಿಗೆ ಕೈಪಿಡಿ ಒಪ್ಪಿದರೆ ಅದು ಬೇರೆ ಮಾತು. ಆದುದರಿಂದ ಒಂಟಿಯಾಗಿ ದೂರ ಹೋಗುವವರಿಗೆ ಮ್ಯಾನುವಲ್ಲನ್ನೂ, ಜೊತೆಗಾರರ ಗಾಡಿಗಳೊಂದಿಗೆ ಹೋಗುವ ಹೊಸಬರಿಗೆ ಟಾರ್ಕ್ ಕನ್ವರ್ಟರನ್ನೂ ನಾನು ಸೂಚಿಸುತ್ತೇನೆ. ಟ್ರ್ಯಾಕ್ಟರ್ ಓಡಿಸಿ ಕಾಲು ಪಳಗಿದವರಿಗೆ ನನ್ನ ಸಲಹೆಯ ಅಗತ್ಯವಿಲ್ಲ.

ಅಭ್ಯಾಸಕ್ಕೆ ಪರಿಚಯದವರ ಖಾಲಿ ಜಮೀನು, ಅವರ ಒಪ್ಪಿಗೆಯೊಂದಿಗೆ, ಎಲ್ಲಕ್ಕಿಂತ ಒಳ್ಳೆಯದು. ಬಂಡೀಪುರ, ನಾಗರಹೊಳೆ ಕಾಡುಗಳಲ್ಲಿ ದಾರಿ ಬಿಟ್ಟು ಇಳಿಯುವುದು ಅಪರಾಧವೆಂದು ಎಲ್ಲರಿಗೂ ಗೊತ್ತು; ಮೇಲುಕೋಟೆಯ ಸುತ್ತಲಿನ ಕುರುಚಲು ಕಾಡೂ ತೋಳಗಳಿಗಾಗಿ ಕಾದಿಟ್ಟ ವನ್ಯಜೀವಿ ಧಾಮವೆಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಮನೆಗೆ ಬಂದ ಮೇಲೆ ಗಾಡಿ ತೊಳೆದಷ್ಟಕ್ಕೇ ಮಲಗಬೇಡಿ. ನೀರಿಗಿಳಿದಿದ್ದರೆ ಮ್ಯಾನುವಲ್ಲಿನ ಗೇರ್ ಪೆಟ್ಟಿಗೆ ಮತ್ತು ಆಕ್ಸಲುಗಳ ಎಣ್ಣೆಯನ್ನು ಪರೀಕ್ಷಿಸಿ, ಅದು ಹಾಲು ಬೆರೆಸಿದ ಕಾಫಿಯಂತಿದ್ದರೆ ಬದಲಿಸಿ. ಆಟೊಮ್ಯಾಟಿಕ್ಕಿನ ಕೆಂಪು ಎಣ್ಣೆ ಗುಲಾಬಿ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಆ ಗಾಡಿಯನ್ನು ಗ್ಯಾರೇಜಿನವರೆಗೂ ಓಡಿಸದೆ, ಲಾರಿಯ ಮೇಲೆ ಹೇರಿಸಿಕೊಂಡೇ ಕಳುಹಿಸಿ.